ಕ್ಯಾನೋಪಸ್ ನಕ್ಷತ್ರದ ನಾಮಮೂಲ: ಒಂದು ಗ್ರೀಕ್ ಐತಿಹ್ಯದ ಪರಿಶೀಲನೆ

ಮಾಘಮಾಸದ ರಾತ್ರಿ ಒಂಬತ್ತು ಗಂಟೆಯ ಹೊತ್ತಿಗೆ ಮೈಸೂರಿನ ಬಯಲಿನಲ್ಲಿ ದಕ್ಷಿಣಕ್ಕೆ ಮುಖಮಾಡಿ ನಿಂತವರಿಗೆ ದಿಗಂತದಿಂದ ಸುಮಾರು ೨೫ ಡಿಗ್ರಿಗಳ ಎತ್ತರದಲ್ಲಿ ಉಜ್ಜ್ವಲವಾದ ಒಂದು ಬಿಳಿಯ ನಕ್ಷತ್ರವು ಗೋಚರವಾಗುತ್ತದೆ. ಲುಬ್ಧಕವೊಂದನ್ನು ಬಿಟ್ಟರೆ ರಾತ್ರಿಯ ಆಕಾಶದಲ್ಲಿ ಇದಕ್ಕಿಂತ ಪ್ರಕಾಶಮಾನವಾದ ನಕ್ಷತ್ರವು ಬೇರೊಂದಿಲ್ಲ. ನಮ್ಮ ಪೂರ್ವಿಕರು ಇದನ್ನು ಅಗಸ್ತ್ಯನೆಂದು ಕರೆದರು. ಪಾಶ್ಚಾತ್ಯ ಖಗೋಳಗ್ರಂಥಗಳಲ್ಲಿ ಇದರ ಹೆಸರು ಕ್ಯಾನೋಪಸ್. ಗ್ರೀಕ್ ಭಾಷೆಯ ಮೂಲರೂಪ ಕಾನೋಬೊಸ್. ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ೨೦೧೬ರಲ್ಲಿ ನಕ್ಷತ್ರಗಳ ಹೆಸರುಗಳನ್ನು ಅಧಿಕೃತವಾಗಿ ನಿಶ್ಚಯಿಸಿದಾಗ ಈ ಹೆಸರನ್ನೇ ಉಳಿಸಿಕೊಂಡಿತು.

ಈ ಹೆಸರು ಹೇಗೆ ಬಂದಿತೆಂಬುದಕ್ಕೆ ನಿಘಂಟುಗಳೂ ಜನಪ್ರಿಯ ಗ್ರಂಥಗಳೂ ಕೊಡುವ ಉತ್ತರವು ಒಂದೇ ವಾಕ್ಯದ್ದು. ಟ್ರಾಯ್ ಯುದ್ಧವು ಮುಗಿದ ಬಳಿಕ ಸ್ಪಾರ್ಟದ ದೊರೆಯಾದ ಮೆನೆಲಾಸನು ಹಿಂದಿರುಗುವಾಗ ಐಗುಪ್ತದ ತೀರವನ್ನು ಸೇರಿದನು. ಅಲ್ಲಿ ಅವನ ಹಡಗುಗಳ ಮುಖ್ಯ ನಾವಿಕನಾದ ಕಾನೋಬೊಸನು ತೀರಿಕೊಂಡನು. ಅವನ ಹೆಸರನ್ನು ಅಲ್ಲಿನ ಊರಿಗೂ ಆಗ ದಕ್ಷಿಣದಲ್ಲಿ ಕಂಡ ನಕ್ಷತ್ರಕ್ಕೂ ಇಟ್ಟರು — ಎಂಬುದು ಆ ಉತ್ತರ. ರಿಚರ್ಡ್ ಹಿಂಕ್ಲಿ ಆಲೆನ್ ಎಂಬಾತನು ೧೮೯೯ರಲ್ಲಿ ಪ್ರಕಟಿಸಿದ ನಕ್ಷತ್ರನಾಮಗಳ ಗ್ರಂಥದಲ್ಲಿ ಇದಕ್ಕೆ ಟ್ರಾಯ್ ಪತನದ ಕಾಲವೆಂದು ಕ್ರಿ. ಪೂ. ೧೧೮೩ ಎಂಬ ವರ್ಷವನ್ನೂ ಸೇರಿಸಿದ್ದಾನೆ. ಇಸವಿಯೊಂದು ಸೇರಿದೊಡನೆ ಕಥೆಗೆ ಇತಿಹಾಸದ ಗಾಂಭೀರ್ಯ ಬರುತ್ತದೆ. ಅಂದಿನಿಂದ ಅದು ಪುಸ್ತಕದಿಂದ ಪುಸ್ತಕಕ್ಕೆ ದಾಟುತ್ತ ಬಂದಿದೆ. ನಾವೂ ಪ್ರಾಚೀನ ಇತಿಹಾಸದ ತರಗತಿಗಳಲ್ಲಿ ಕೆಲವು ವರ್ಷಗಳ ಕಾಲ ಇದನ್ನು ಹೀಗೆಯೇ ಹೇಳಿದ್ದುಂಟು. ಮೂಲಗ್ರಂಥಗಳನ್ನು ಕಾಲಾನುಕ್ರಮವಾಗಿ ಜೋಡಿಸಿ ನೋಡಿದ ಮೇಲೆ ಹಾಗೆ ಹೇಳಲು ಮನಸ್ಸು ಒಪ್ಪಲಿಲ್ಲ. ಅದಕ್ಕೆ ಕಾರಣಗಳೇನೆಂಬುದನ್ನು ಇಲ್ಲಿ ನಿರೂಪಿಸಿದ್ದೇವೆ.

ಮೊದಲು ಹೋಮರನನ್ನು ವಿಚಾರಿಸಬೇಕು. ಮೆನೆಲಾಸನ ಪ್ರಯಾಣಕ್ಕೆ ಅವನೇ ಆದ್ಯ ಸಾಕ್ಷಿ. ಆಡಿಸ್ಸಿಯ ಮೂರನೆಯ ಸರ್ಗದಲ್ಲಿ ವೃದ್ಧನಾದ ನೆಸ್ಟರನು ಈ ಪ್ರಯಾಣವನ್ನು ವರ್ಣಿಸುತ್ತಾನೆ. ಅಲ್ಲಿ ಮೆನೆಲಾಸನ ನಾವಿಕನಿಗೆ ಹೆಸರಿದೆ. ಆದರೆ ಅದು ಕಾನೋಬೊಸ್ ಅಲ್ಲ. ಒನೆಟರನ ಮಗನಾದ ಫ್ರಾಂಟಿಸ್ ಎಂಬುವನು ಆ ನಾವಿಕ. ಬಿರುಗಾಳಿಯಲ್ಲಿ ಹಡಗನ್ನು ನಡೆಸುವುದರಲ್ಲಿ ಅವನನ್ನು ಮೀರಿಸುವವರು ಮನುಷ್ಯಕುಲದಲ್ಲಿಯೇ ಇರಲಿಲ್ಲವಂತೆ. ಅಟ್ಟಿಕದ ಸೂನಿಯನ್ ಭೂಶಿರದ ಬಳಿ ಹಡಗು ಓಡುತ್ತಿರುವಾಗಲೇ, ಚುಕ್ಕಾಣಿಯು ಕೈಯಲ್ಲಿರುವಂತೆಯೇ, ಅಪೊಲೊ ದೇವನ ಬಾಣಗಳಿಂದ ಅವನು ಮೃತನಾದನು. ಮೆನೆಲಾಸನು ಪ್ರಯಾಣವನ್ನು ನಿಲ್ಲಿಸಿ ಗೆಳೆಯನಿಗೆ ಅಂತ್ಯಕ್ರಿಯೆಗಳನ್ನು ನಡೆಸಿದನು. ಅನಂತರ ಮಲೇಯಾ ಭೂಶಿರದಲ್ಲಿ ಬಿರುಗಾಳಿಯೆದ್ದು ಹಡಗುಗಳು ಚದುರಿ ಐದು ಮಾತ್ರ ಐಗುಪ್ತವನ್ನು ಮುಟ್ಟಿದವು. ಎಂದರೆ ಹೋಮರನ ಪ್ರಕಾರ ಹಡಗುಗಳು ಐಗುಪ್ತವನ್ನು ಸೇರುವ ಮೊದಲೇ ಮೆನೆಲಾಸನ ನಾವಿಕನು ಗ್ರೀಸಿನ ಮಣ್ಣಿನಲ್ಲಿ ಸಮಾಧಿಯಾಗಿದ್ದನು! ನಾಲ್ಕನೆಯ ಸರ್ಗದಲ್ಲಿ ಫಾರೋಸ್ ದ್ವೀಪದ ವರ್ಣನೆಯೂ, ಗಾಳಿಯಿಲ್ಲದೆ ಇಪ್ಪತ್ತು ದಿನ ಅಲ್ಲಿ ತಡೆದದ್ದೂ, ಸಮುದ್ರವೃದ್ಧನಾದ ಪ್ರೋಟಿಯಸನನ್ನು ಹಿಡಿದದ್ದೂ ವಿಸ್ತಾರವಾಗಿ ಬರುತ್ತವೆ. ಎರಡನೆಯ ನಾವಿಕನ ಮರಣವಾಗಲಿ ಕಾನೋಬೊಸ್ ಎಂಬ ಹೆಸರಾಗಲಿ ಎಲ್ಲಿಯೂ ಇಲ್ಲ.

ಈ ಹೆಸರು ಗ್ರೀಕ್ ಸಾಹಿತ್ಯದಲ್ಲಿ ಮೊದಲು ಕಾಣಿಸಿಕೊಳ್ಳುವುದು ಒಂದು ಊರಿನ ಹೆಸರಾಗಿ. ನೈಲ್ ನದಿಯ ಅತ್ಯಂತ ಪಶ್ಚಿಮದ ಮುಖದ ಬಳಿಯಿದ್ದ ಈ ಊರು ಮುಂದೆ ಕಟ್ಟಲ್ಪಟ್ಟ ಅಲೆಗ್ಸಾಂಡ್ರಿಯಕ್ಕೆ ಪೂರ್ವದಲ್ಲಿ, ಸ್ಟ್ರಾಬೋವಿನ ಲೆಕ್ಕದಂತೆ ನೆಲದ ದಾರಿಯಿಂದ ೧೨೦ ಸ್ಟೇಡಿಯ ದೂರದಲ್ಲಿತ್ತು. ಇಂದಿನ ಅಬೂಕೀರ್ ಪಟ್ಟಣದ ಸುತ್ತಿನ ಪ್ರದೇಶವೇ ಅದು. ಹಳೆಯ ನಗರದ ಒಂದು ಭಾಗವು ಕೊಲ್ಲಿಯ ನೀರಿನಲ್ಲಿ ಮುಳುಗಿದೆ. ೧೯೩೩ರಲ್ಲಿ ಅಲ್ಲಿ ಅವಶೇಷಗಳಿರುವುದು ತಿಳಿದುಬಂದಿತು. ೧೯೯೬ರಿಂದೀಚೆಗೆ ಫ್ರಾಂಕ್ ಗೊಡಿಯೋ ಅವರ ತಂಡವು ಜಲಗರ್ಭದಲ್ಲಿ ಕ್ರಮವಾದ ಶೋಧನೆಯನ್ನು ನಡೆಸಿತು. ಈಸ್ಕಿಲಸನ ಹೆಸರಿನಲ್ಲಿ ಬಂದಿರುವ ಪ್ರೊಮೀಥಿಯಸ್ ನಾಟಕದಲ್ಲಿ ಅಲೆದಾಡಿ ಬಳಲಿದ ಅಯೋ ಕೊನೆಗೆ ವಿಶ್ರಾಂತಿಯನ್ನು ಪಡೆಯುವ ಸ್ಥಳವು ಇದೇ ಕಾನೋಬೊಸ್. ನೆಲದ ಅಂಚಿನಲ್ಲಿ, ನದಿಯ ಮೆಕ್ಕಲು ಕೂಡುವ ಬಾಯಿಯಲ್ಲಿ ಇರುವ ಊರೆಂದು ಅಲ್ಲಿ ವರ್ಣಿತವಾಗಿದೆ. ಹೆರಡೊಟಸನು ಕಾನೋಬಿಕ್ ಮುಖವನ್ನು ಹಲವು ಸಲ ಹೆಸರಿಸುತ್ತಾನೆ. ಹೆಲೆನಳು ಐಗುಪ್ತದಲ್ಲಿದ್ದಳೆಂಬ ಕಥೆಯನ್ನು ಪುರೋಹಿತರಿಂದ ಕೇಳಿ, ಪ್ಯಾರಿಸನು ಇದೇ ನದೀಮುಖದಲ್ಲಿ ಇಳಿದನೆಂದೂ ಮೆನೆಲಾಸನು ಮೆಂಫಿಸಿನವರೆಗೆ ಹೋದನೆಂದೂ ಬರೆದಿದ್ದಾನೆ. ಇಷ್ಟೆಲ್ಲ ಬರೆದವನು ನಾವಿಕನ ವಿಷಯದಲ್ಲಿ ಮಾತ್ರ ಮೌನಿಯಾಗಿದ್ದಾನೆ. ಮೌನದಿಂದ ವಾದಿಸುವುದು ಅಪಾಯಕರವೆಂಬುದನ್ನು ನಾವು ಬಲ್ಲೆವು. ಆದರೂ ಕಥೆಗಳನ್ನು ಕಂಡರೆ ಕೈಬಿಡದ ಹೆರಡೊಟಸನ ಮೌನವು ಬೇರೆಯವರ ಮೌನಕ್ಕಿಂತ ತೂಕವುಳ್ಳದ್ದು.

ಹಾಗಾದರೆ ನಾವಿಕನ ಕಥೆ ಹೊಸದೇ? ಅದೂ ಅಲ್ಲ. ಹೆರಡೊಟಸನಿಗಿಂತ ಹಿಂದಿನವನಾದ ಮಿಲೀಟಸಿನ ಹೆಕಟೀಯಸನು, ಎಂದರೆ ಸುಮಾರು ಕ್ರಿ. ಪೂ. ೫೦೦ರ ಗದ್ಯಲೇಖಕನು, ಊರಿನ ಹೆಸರು ಮೆನೆಲಾಸನ ನಾವಿಕನಿಂದ ಬಂದಿತೆಂದು ಹೇಳಿದ್ದನೆಂಬ ಉಲ್ಲೇಖವಿದೆ. ಹೆಕಟೀಯಸನ ಗ್ರಂಥವು ನಷ್ಟವಾಗಿದೆ; ಈ ಮಾತನ್ನು ನಮಗೆ ಉಳಿಸಿಕೊಟ್ಟವನು ಕ್ರಿ. ಶ. ಎರಡನೆಯ ಶತಮಾನದ ವಾಗ್ಮಿಯಾದ ಈಲಿಯಸ್ ಅರಿಸ್ಟೈಡೀಸನು. ಅವನು ಇದನ್ನು ಉದಾಹರಿಸಿದ್ದು ಒಪ್ಪುವುದಕ್ಕಾಗಿ ಅಲ್ಲ, ಖಂಡಿಸುವುದಕ್ಕಾಗಿ. ತಾನು ಕಾನೋಬೊಸಿಗೆ ಹೋದಾಗ ಅಲ್ಲಿನ ಪುರೋಹಿತನೊಬ್ಬನು, ಸಾಮಾನ್ಯನಲ್ಲದವನು, ತನಗೆ ಹೇಳಿದ್ದನ್ನು ಅರಿಸ್ಟೈಡೀಸನು ಬರೆದಿಟ್ಟಿದ್ದಾನೆ. ಮೆನೆಲಾಸನು ಆ ತೀರಕ್ಕೆ ಬರುವುದಕ್ಕೆ ಲೆಕ್ಕವಿಲ್ಲದಷ್ಟು ವರ್ಷಗಳ ಮೊದಲೇ ಊರಿಗೆ ಆ ಹೆಸರಿತ್ತು. ಅದು ಗ್ರೀಕ್ ಅಕ್ಷರಗಳಲ್ಲಿ ಸರಿಯಾಗಿ ಬರೆಯಲಾಗದ ಐಗುಪ್ತ ಶಬ್ದ. ಗ್ರೀಕಿನಲ್ಲಿ ಹೇಳುವುದಾದರೆ ಅದರ ಅರ್ಥ ಚಿನ್ನದ ನೆಲ — ಎಂಬುದು ಆ ಪುರೋಹಿತನ ವಿವರಣೆ.

ಈ ಸಂದರ್ಭವು ನಮಗೆ ಬಹಳ ಮನೋಜ್ಞವೆನಿಸುತ್ತದೆ. ಪರದೇಶೀಯರು ತಮ್ಮೂರಿನ ಹೆಸರಿಗೆ ತಮ್ಮ ಪುರಾಣವನ್ನು ಅಂಟಿಸಿ ಆರು ನೂರು ವರ್ಷಗಳಿಗೂ ಮೇಲಾಗಿದ್ದರೂ ಸ್ಥಳೀಯನಾದ ಪುರೋಹಿತನು ಅದನ್ನು ಒಪ್ಪಿರಲಿಲ್ಲ. ಅವನ ವ್ಯುತ್ಪತ್ತಿ ಸರಿಯೇ ಎಂಬುದು ಬೇರೆ ಪ್ರಶ್ನೆ. ಕ್ರಿ. ಪೂ. ೨೩೮ರಲ್ಲಿ ಮೂರನೆಯ ಟಾಲೆಮಿಯ ಕಾಲದಲ್ಲಿ ಇದೇ ಊರಿನ ದೇವಾಲಯದಲ್ಲಿ ಐಗುಪ್ತದ ಪುರೋಹಿತರ ಸಮ್ಮೇಳನವು ನೆರೆದು ಒಂದು ಶಾಸನವನ್ನು ಹೊರಡಿಸಿತು. ನಾಲ್ಕು ವರ್ಷಗಳಿಗೊಮ್ಮೆ ಪಂಚಾಂಗಕ್ಕೆ ಒಂದು ದಿನವನ್ನು ಸೇರಿಸಬೇಕೆಂಬ ವಿಧಿಯಿಂದ ಅದು ಪ್ರಸಿದ್ಧವಾಗಿದೆ. ಲೆಪ್ಸಿಯಸನಿಗೆ ೧೮೬೬ರಲ್ಲಿ ಟಾನಿಸಿನಲ್ಲಿ ದೊರೆತ ಅದರ ಪ್ರತಿಯ ಐಗುಪ್ತ ಪಾಠದಲ್ಲಿ ಊರನ್ನು ಹೆಸರಿಸುವ ಶಬ್ದವನ್ನು ವಿದ್ವಾಂಸರು ‘ಪೆಗುವತಿ’ ಎಂದು ಓದುತ್ತಾರೆ. ಇದು ಚಿನ್ನದ ನೆಲವನ್ನೂ ಹೋಲುವುದಿಲ್ಲ, ನಾವಿಕನನ್ನೂ ಹೋಲುವುದಿಲ್ಲ. ಪುರೋಹಿತನೂ ಜನಪ್ರಿಯ ನಿರುಕ್ತಿಗೆ ಒಳಗಾಗಿದ್ದಿರಬಹುದು. ಆದರೆ ಮೂಲಭೂತವಾದ ವಿಷಯದಲ್ಲಿ ಅವನ ಮಾತು ನಿಲ್ಲುತ್ತದೆ: ಊರು ಐಗುಪ್ತದ್ದು, ಗ್ರೀಕರು ಕಾಣುವ ಮೊದಲೇ ಇದ್ದದ್ದು.

ಊರಿನ ಹೆಸರಿಗೆ ಒಬ್ಬ ಪುರುಷನನ್ನು ಕಲ್ಪಿಸಿ, ಅವನನ್ನು ಮಹಾಕಾವ್ಯದ ನಾಯಕನೊಬ್ಬನ ಪರಿವಾರಕ್ಕೆ ಸೇರಿಸುವ ಈ ಪದ್ಧತಿಯು ನಮ್ಮ ವಾಚಕರಿಗೆ ಹೊಸದಲ್ಲ. ನಮ್ಮ ಸ್ಥಳಪುರಾಣಗಳಲ್ಲಿ ರಾಮನು ಬಾಣವನ್ನು ಬಿಡದ ಬೆಟ್ಟವಾಗಲಿ, ಪಾಂಡವರು ಅಡಿಗೆಮಾಡದ ಗುಹೆಯಾಗಲಿ ಅಪರೂಪ. ಹೊಸ ನಾಡಿಗೆ ಹೋದ ಗ್ರೀಕ್ ವರ್ತಕರೂ ನಾವಿಕರೂ ಇದನ್ನೇ ಮಾಡಿದರು. ಅಪರಿಚಿತವಾದ ತೀರದಲ್ಲಿ ಹೋಮರನ ಒಬ್ಬ ಪಾತ್ರವು ತಮಗಿಂತ ಮುಂಚೆ ಕಾಲಿಟ್ಟಿದ್ದನೆಂದರೆ ಆ ತೀರವು ಅರ್ಧ ತಮ್ಮದಾಯಿತು. ಹೋಮರನ ಫ್ರಾಂಟಿಸನು ಆಗಲೇ ಸತ್ತುಹೋಗಿದ್ದುದರಿಂದ ಇನ್ನೊಬ್ಬ ನಾವಿಕನಿಗೆ ಸ್ಥಳವೂ ತೆರವಾಗಿತ್ತು.

ಅಲೆಗ್ಸಾಂಡ್ರಿಯದ ಕಾಲದಲ್ಲಿ ಈ ನಾವಿಕನಿಗೆ ಚರಿತ್ರೆಯು ಬೆಳೆಯಿತು. ರೋಡ್ಸಿನ ಅಪೊಲೋನಿಯಸನು ‘ಕಾನೋಬೊಸ್’ ಎಂಬ ಕಾವ್ಯವನ್ನೇ ಬರೆದನು. ಅದರ ತುಣುಕುಗಳು ಮಾತ್ರ ಉಳಿದಿವೆ. ವಿಷಜಂತುಗಳನ್ನು ಕುರಿತು ಪದ್ಯಗ್ರಂಥವನ್ನು ರಚಿಸಿದ ನಿಕಾಂಡರನು ರಕ್ತಸ್ರಾವವನ್ನುಂಟುಮಾಡುವ ಒಂದು ಹಾವನ್ನು ವರ್ಣಿಸುತ್ತ, ಟ್ರಾಯಿನಿಂದ ಬಂದ ಹಡಗನ್ನು ಥೋನಿಸಿನ ಮರಳಿಗೆ ಎಳೆದು ನಿಲ್ಲಿಸಿದಾಗ ಕಾನೋಬೊಸನು ಅಲ್ಲಿಯೇ ಮಲಗಿದನೆಂದೂ, ಅವನ ಕೆಳಗೆ ಸಿಕ್ಕಿದ ಹೆಣ್ಣು ಹಾವು ಕಚ್ಚಿತೆಂದೂ, ಕೋಪಗೊಂಡ ಹೆಲೆನಳು ಅದರ ಬೆನ್ನುಮೂಳೆಯನ್ನು ಮುರಿದಳೆಂದೂ, ಅಂದಿನಿಂದ ಆ ಜಾತಿಯ ಹಾವುಗಳು ಸೊಟ್ಟಸೊಟ್ಟಾಗಿ ಹರಿಯುತ್ತವೆಂದೂ ಹೇಳುತ್ತಾನೆ. ಅಗಸ್ಟಸನ ಕಾಲದ ಕಥಾಸಂಗ್ರಾಹಕನಾದ ಕೋನನ್ ಇದಕ್ಕೆ ಶೃಂಗಾರವನ್ನು ಬೆರೆಸಿದನು: ನಾವಿಕನು ತರುಣ, ಸುಂದರ; ಪ್ರೋಟಿಯಸನ ಮಗಳಾದ ಥಿಯೊನೋಯೆ ಅವನನ್ನು ಮೋಹಿಸಿದಳು, ಅವನು ಒಲಿಯಲಿಲ್ಲ; ಹಾವು ಕಚ್ಚಿ ಕಾಲು ಕೊಳೆತು ಸತ್ತನು; ಮೆನೆಲಾಸನೂ ಹೆಲೆನಳೂ ಅವನನ್ನು ಈಗ ಊರಿರುವ ಜಾಗದಲ್ಲಿ ಹೂಳಿದರು. (ಈ ಕೋನನನ್ನು ಮುಂದೆ ಬರುವ ಖಗೋಳಜ್ಞನಾದ ಸಾಮೋಸಿನ ಕೋನನನೊಡನೆ ವಿದ್ಯಾರ್ಥಿಗಳು ಬೆರೆಸಬಾರದು, ಇಬ್ಬರ ನಡುವೆ ಎರಡು ಶತಮಾನಗಳ ಅಂತರವಿದೆ.) ಸ್ಟ್ರಾಬೋ ಈ ಕಥೆಯನ್ನು ಒಂದು ಸಾಲಿನಲ್ಲಿ ಹೇಳುತ್ತಾನೆ. ಕ್ರಿ. ಶ. ೧೯ರಲ್ಲಿ ಜರ್ಮನಿಕಸನು ನೈಲ್ ಯಾತ್ರೆಯನ್ನು ಕಾನೋಬೊಸಿನಿಂದ ಆರಂಭಿಸಿದ ಸಂದರ್ಭದಲ್ಲಿ ಟ್ಯಾಸಿಟಸನೂ ಇದನ್ನೇ ಸ್ಮರಿಸಿದ್ದಾನೆ.

ಈ ಸಾಕ್ಷಿಗಳಲ್ಲಿ ಎಲ್ಲಕ್ಕಿಂತ ಗಮನಾರ್ಹವಾದ ಅಂಶವೊಂದಿದೆ. ನಾವಿಕನು ತನ್ನ ಹೆಸರನ್ನು ಕೊಟ್ಟದ್ದು ಊರಿಗೆ. ಹೆಕಟೀಯಸ್, ಕೋನನ್, ಸ್ಟ್ರಾಬೋ, ಟ್ಯಾಸಿಟಸ್ ಇವರಾರೂ ಈ ಕಥೆಯನ್ನು ಹೇಳುವಾಗ ನಕ್ಷತ್ರದ ಮಾತನ್ನೇ ಎತ್ತುವುದಿಲ್ಲ.

ಇನ್ನು ನಕ್ಷತ್ರದ ಕಡೆಗೆ ತಿರುಗೋಣ. ಇಲ್ಲಿ ಭೂಗೋಳವು ಇತಿಹಾಸಕಾರನ ನೆರವಿಗೆ ಬರುತ್ತದೆ. ಈ ನಕ್ಷತ್ರದ ದಕ್ಷಿಣ ಕ್ರಾಂತಿಯು ಈಗ ಸುಮಾರು ೫೨ ಡಿಗ್ರಿ ೪೨ ಕಲೆಗಳು. ಎರಡು ಸಾವಿರ ವರ್ಷಗಳ ಹಿಂದೆಯೂ ಇದಕ್ಕೆ ಬಹಳ ಹತ್ತಿರವಾಗಿಯೇ ಇತ್ತು. ಆದುದರಿಂದ ಉತ್ತರ ಅಕ್ಷಾಂಶ ೩೭ನ್ನು ದಾಟಿದವರಿಗೆ ಅದು ದಿಗಂತದ ಮೇಲೆ ಏಳುವುದು ದುರ್ಲಭ. ಅಥೆನ್ಸಿನ ಅಕ್ಷಾಂಶ ೩೮ಕ್ಕೆ ಸಮೀಪ. ಅಲ್ಲಿ ಈ ನಕ್ಷತ್ರವು ಕಾಣುವುದಿಲ್ಲ. ರೋಡ್ಸಿನಲ್ಲಿ ಯಾಮ್ಯೋತ್ತರವನ್ನು ದಾಟುವಾಗ ಒಂದು ಡಿಗ್ರಿಯಷ್ಟು ಮೇಲೆದ್ದು ಸಮುದ್ರವನ್ನು ಸವರಿಕೊಂಡು ಹೋಗುತ್ತದೆ. ಅಲೆಗ್ಸಾಂಡ್ರಿಯದಲ್ಲಿ ಆರು ಡಿಗ್ರಿಗಿಂತ ತುಸು ಹೆಚ್ಚು. ಮೆನೆಲಾಸನ ಸ್ಪಾರ್ಟ ೩೭ ಡಿಗ್ರಿ ೫ ಕಲೆಗಳ ಅಕ್ಷಾಂಶದಲ್ಲಿ ಬೆಟ್ಟಗಳ ನಡುವಣ ಕಣಿವೆಯಲ್ಲಿದೆ. ಯಾವ ದೊರೆಯ ನಾವಿಕನ ಹೆಸರನ್ನು ಈ ನಕ್ಷತ್ರವು ಹೊತ್ತಿದೆಯೆಂದು ಹೇಳುತ್ತಾರೋ ಆ ದೊರೆಯ ರಾಜಧಾನಿಯಲ್ಲಿ ನಿಂತು ಅದನ್ನು ನೋಡುವುದು ಸಾಧ್ಯವಿಲ್ಲವೆಂದೇ ಹೇಳಬೇಕು. ಹೀಗಾಗಿ ಗ್ರೀಸಿನ ಒಳನಾಡಿನ ಜನರು ತಮ್ಮ ಹಳೆಯ ಪುರಾಣಗಳಿಂದ ಇದಕ್ಕೆ ಹೆಸರಿಡುವ ಸಂಭವವೇ ಇರಲಿಲ್ಲ. ಸಪ್ತರ್ಷಿಮಂಡಲ, ಕೃತ್ತಿಕೆ, ಲುಬ್ಧಕ, ಸ್ವಾತಿ ಇವುಗಳನ್ನು ಬಲ್ಲ ಹೋಮರನೂ ಹೆಸಿಯಡನೂ ಇದನ್ನು ಅರಿಯರು.

ಗ್ರೀಕರಲ್ಲಿ ಇದನ್ನು ಶಾಸ್ತ್ರದೃಷ್ಟಿಯಿಂದ ಮೊದಲು ಗಮನಿಸಿದವನು ಕ್ನೀಡಸಿನ ಯೂಡಾಕ್ಸಸನೆಂದು ತೋರುತ್ತದೆ. ಕ್ರಿ. ಪೂ. ನಾಲ್ಕನೆಯ ಶತಮಾನದ ಈ ಗಣಿತಜ್ಞನು ಐಗುಪ್ತದಲ್ಲಿ ಪುರೋಹಿತರೊಡನೆ ವಾಸಮಾಡಿ ಬಂದವನು. ಅವನ ಗ್ರಂಥವು ಲಭ್ಯವಿಲ್ಲದಿದ್ದರೂ ಹಿಪ್ಪಾರ್ಕಸನು ಅದರ ಮೇಲೆ ಬರೆದ ವಿಮರ್ಶೆಯು ಉಳಿದಿದೆ. ಅಲ್ಲಿ ಯೂಡಾಕ್ಸಸನ ಮಾತು ಹೇಗೆ ಬಂದಿದೆ ನೋಡಿ: ಅವನು ಇದನ್ನು ‘ಐಗುಪ್ತದಿಂದ ಕಾಣುವ ನಕ್ಷತ್ರ’ ಎನ್ನುತ್ತಾನೆ, ಹೆಸರಿನಿಂದ ಕರೆಯುವುದಿಲ್ಲ. ಹೆಸರಿದ್ದ ವಸ್ತುವನ್ನು ಯಾರೂ ಹೀಗೆ ಬಳಸುದಾರಿಯಲ್ಲಿ ಸೂಚಿಸುವುದಿಲ್ಲ. ಯೂಡಾಕ್ಸಸನನ್ನು ಅನುಸರಿಸಿ ಕ್ರಿ. ಪೂ. ಸುಮಾರು ೨೭೫ರಲ್ಲಿ ಕಾವ್ಯವನ್ನು ಬರೆದ ಅರೇಟಸನು ಆರ್ಗೋ ಎಂಬ ನೌಕೆಯ ನಕ್ಷತ್ರಪುಂಜವನ್ನೂ, ಶ್ವಾನದ ಹಿಂಗಾಲುಗಳ ಕೆಳಗೆ ಇಳಿಬಿದ್ದ ಅದರ ಚುಕ್ಕಾಣಿಯನ್ನೂ ವರ್ಣಿಸಿದ್ದಾನೆ. ಆ ಚುಕ್ಕಾಣಿಯ ತುದಿಯಲ್ಲಿರುವ, ಪುಂಜದಲ್ಲಿಯೇ ಅತ್ಯುಜ್ಜ್ವಲವಾದ ಈ ನಕ್ಷತ್ರಕ್ಕೆ ಮಾತ್ರ ಹೆಸರಿಲ್ಲ. ಕ್ರಿ. ಪೂ. ಎರಡನೆಯ ಶತಮಾನದಲ್ಲಿ ಹಿಪ್ಪಾರ್ಕಸನು ಯೂಡಾಕ್ಸಸನನ್ನು ತಿದ್ದುವಾಗ, ಚುಕ್ಕಾಣಿಯ ತುದಿಯ ಈ ನಕ್ಷತ್ರವನ್ನು ‘ಕೆಲವರು ಕಾನೋಬೊಸ್ ಎನ್ನುತ್ತಾರೆ’ ಎಂಬರ್ಥದ ಮಾತನ್ನು ಸೇರಿಸುತ್ತಾನೆ. ‘ಕೆಲವರು’ ಎಂಬ ಆ ಒಂದು ಪದವನ್ನು ನಾವು ಅಮೂಲ್ಯವೆಂದು ಭಾವಿಸುತ್ತೇವೆ. ಅವನ ಕಾಲದಲ್ಲಿಯೂ ಹೆಸರು ಸರ್ವಸಮ್ಮತವಾಗಿರಲಿಲ್ಲ.

ಇದಕ್ಕೆ ಮುದ್ರೆಯನ್ನೊತ್ತುವ ಸಾಕ್ಷಿ ಸ್ಟ್ರಾಬೋವಿನದು. ತನ್ನ ಭೂಗೋಳಗ್ರಂಥದ ಆರಂಭದಲ್ಲಿಯೇ ಅವನು ಹೋಮರನ ಪಕ್ಷವನ್ನು ವಹಿಸಿ, ಹೋಮರನು ಎರಡು ಕರಡಿಗಳ ಬದಲು ಒಂದನ್ನೇ ಹೇಳಿದನೆಂದು ದೂಷಿಸಬಾರದು, ಆಗ ಇನ್ನೊಂದಕ್ಕೆ ಹೆಸರೇ ಬಿದ್ದಿರಲಿಕ್ಕಿಲ್ಲ ಎನ್ನುತ್ತಾನೆ. ನಿದರ್ಶನವಾಗಿ, ನಿನ್ನೆ ಮೊನ್ನೆ ಹೆಸರು ಪಡೆದವುಗಳೆಂದು ಎರಡನ್ನು ಉದಾಹರಿಸುತ್ತಾನೆ. ಒಂದು ಬೆರೆನೀಕೆಯ ಕೇಶ, ಇನ್ನೊಂದು ಕಾನೋಬೊಸ್. ಬೆರೆನೀಕೆಯ ಕೇಶಕ್ಕೆ ಹೆಸರು ಬಂದ ಕಾಲವನ್ನು ನಾವು ಬಲ್ಲೆವು. ಮೂರನೆಯ ಟಾಲೆಮಿಯ ರಾಣಿಯಾದ ಬೆರೆನೀಕೆಯು ಪತಿಯು ಯುದ್ಧದಿಂದ ಕ್ಷೇಮವಾಗಿ ಮರಳಲೆಂದು ಹರಕೆಯಿತ್ತ ಮುಡಿಯು ದೇವಾಲಯದಿಂದ ಕಾಣೆಯಾದಾಗ, ಆಸ್ಥಾನದ ಖಗೋಳಜ್ಞನಾದ ಸಾಮೋಸಿನ ಕೋನನು ಅದನ್ನು ಆಕಾಶದಲ್ಲಿ ‘ಕಂಡುಹಿಡಿದನು’. ಇದು ಕ್ರಿ. ಪೂ. ೨೪೫ರ ಸುಮಾರಿನ ಸಂಗತಿ. ಮೆನೆಲಾಸನ ಕಾಲದಿಂದ ಬಂದ ಹೆಸರೆಂದು ಲೋಕವು ನಂಬಿರುವುದನ್ನು, ಮೆನೆಲಾಸನ ನಾವಿಕನ ಕಥೆಯನ್ನು ಸ್ವತಃ ಬಲ್ಲ ಸ್ಟ್ರಾಬೋವೇ ‘ನಿನ್ನೆ ಮೊನ್ನೆಯದು’ ಎನ್ನುವನು! ಆಲೆನನ ಕ್ರಿ. ಪೂ. ೧೧೮೩ ಇಲ್ಲಿಗೆ ನಿಲ್ಲದು.

ಹೀಗೆ ಯೂಡಾಕ್ಸಸನ ತರುವಾಯ, ಹಿಪ್ಪಾರ್ಕಸನಿಗಿಂತ ಮೊದಲು, ಐಗುಪ್ತದಲ್ಲಿ ನೆಲೆಸಿದ ಗ್ರೀಕರು ಈ ಹೆಸರನ್ನಿಟ್ಟರೆಂದು ನಿರ್ಧರಿಸಬಹುದು. ಕ್ರಿ. ಪೂ. ೩೩೧ರಲ್ಲಿ ಅಲೆಗ್ಸಾಂಡ್ರಿಯವು ಸ್ಥಾಪಿತವಾದ ಮೇಲೆ ಈ ನಕ್ಷತ್ರವನ್ನು ವರ್ಷವರ್ಷವೂ ನೋಡುವ ವಿದ್ಯಾವಂತ ಗ್ರೀಕ್ ಸಮಾಜವು ಮೊದಲ ಸಲ ಅಲ್ಲಿ ಉಂಟಾಯಿತು. ಅವರು ನಾವಿಕನ ಹೆಸರನ್ನಿಟ್ಟರೋ ಊರಿನ ಹೆಸರನ್ನಿಟ್ಟರೋ ಎಂಬುದೊಂದೇ ಉಳಿಯುವ ಪ್ರಶ್ನೆ.

ನಾವಿಕನ ಪಕ್ಷದಲ್ಲಿ ಒಂದು ಬಲವಾದ ಮಾತಿದೆ. ನಕ್ಷತ್ರವು ಇರುವುದು ನೌಕೆಯ ಚುಕ್ಕಾಣಿಯಲ್ಲಿ. ಚುಕ್ಕಾಣಿಗೆ ನಾವಿಕನ ಹೆಸರಲ್ಲದೆ ಬೇರೆ ಯಾವುದು ಒಪ್ಪೀತು? ಆದರೆ ಆ ನೌಕೆ ಮೆನೆಲಾಸನದಲ್ಲ. ಸ್ವರ್ಣಮೇಷಚರ್ಮವನ್ನು ತರಲು ಜೇಸನನು ಏರಿ ಹೋದ ಆರ್ಗೋ ಅದು. ಅದರ ನಾವಿಕನು ಟಿಫಿಸ್. ಅವನು ದಾರಿಯಲ್ಲಿ ಸತ್ತ ಮೇಲೆ ಆಂಕೀಯಸ್. ಇವರಿಬ್ಬರನ್ನೂ ಬಿಟ್ಟು ಒಂದು ತಲೆಮಾರು ಈಚಿನ ಬೇರೊಂದು ಹಡಗಿನ ನಾವಿಕನನ್ನು ಆರ್ಗೋವಿನ ಚುಕ್ಕಾಣಿಗೆ ಕೂರಿಸಲು ಪುರಾಣಜ್ಞನಾದ ಯಾವ ಅಲೆಗ್ಸಾಂಡ್ರಿಯದ ಪಂಡಿತನೂ ತೊಡಗುತ್ತಿರಲಿಲ್ಲ. ಅದರಲ್ಲಿಯೂ ಅಪೊಲೋನಿಯಸನು ಆರ್ಗೋ ಯಾತ್ರೆಯನ್ನೇ ಮಹಾಕಾವ್ಯವಾಗಿ ಬರೆದ ಊರಿನಲ್ಲಿ!

ಊರಿನ ಪಕ್ಷದಲ್ಲಿ ಪ್ರಾಚೀನರ ಸಾಕ್ಷ್ಯವೇ ಇದೆ. ಎರಾಟಾಸ್ಥೆನೀಸನ ಹೆಸರಿನಲ್ಲಿ ಬಂದಿರುವ ನಕ್ಷತ್ರಕಥೆಗಳ ಸಂಗ್ರಹದಲ್ಲಿ ಕಾನೋಬೊಸಿನ ಉಲ್ಲೇಖ ಬರುವುದು ಆರ್ಗೋವಿನ ಪ್ರಕರಣದಲ್ಲಿ ಅಲ್ಲ, ನದಿಯ ಪ್ರಕರಣದಲ್ಲಿ. ಅರೇಟಸನು ಎರಿಡಾನಸ್ ಎಂದ ಆಕಾಶನದಿಯು ವಾಸ್ತವವಾಗಿ ನೈಲ್. ಏಕೆಂದರೆ ಅದು ದಕ್ಷಿಣದಿಂದ ಹರಿಯುತ್ತದೆ. ಅದರ ಕೆಳಗೆ ಕಾನೋಬೊಸ್ ಎಂಬ ನಕ್ಷತ್ರವಿದೆ. ಅದಕ್ಕಿಂತ ಕೆಳಗೆ ಯಾವ ನಕ್ಷತ್ರವೂ ಕಾಣದುದರಿಂದ ಅದಕ್ಕೆ ‘ನೆಲದ ಸಮೀಪದ್ದು’ ಎಂಬ ಇನ್ನೊಂದು ಹೆಸರೂ ಉಂಟು — ಇಷ್ಟೇ ಅಲ್ಲಿರುವುದು. ನಾವಿಕನ ಸುಳಿವಿಲ್ಲ. ಇದೇ ಪರಂಪರೆಯನ್ನು ಲ್ಯಾಟಿನಿನಲ್ಲಿ ಬರೆದ ಹೈಜೀನಸನು ಇನ್ನೂ ಸ್ಪಷ್ಟವಾಗಿ, ಆ ನದಿಯು ನೈಲ್ ಎನ್ನಲು ಕೆಳಗಿರುವ ಕ್ಯಾನೋಪಸ್ ನಕ್ಷತ್ರವೇ ಕಾರಣ, ಕ್ಯಾನೋಪಸ್ ಎಂಬುದು ನೈಲ್ ತೊಳೆಯುವ ದ್ವೀಪವಷ್ಟೆ, ಎನ್ನುತ್ತಾನೆ. ಈ ತರ್ಕವು ಸ್ವಲ್ಪ ಚಕ್ರಾಕಾರದ್ದೆಂಬುದು ನಿಜ: ನಕ್ಷತ್ರದಿಂದ ನದಿಯನ್ನೂ ನದಿಯಿಂದ ನಕ್ಷತ್ರವನ್ನೂ ಸಾಧಿಸಿದಂತಿದೆ. ಆದರೂ ಆ ಕಾಲದವರ ಮನಸ್ಸಿನಲ್ಲಿ ನಕ್ಷತ್ರದ ಹೆಸರು ಯಾವುದನ್ನು ನೆನಪಿಗೆ ತರುತ್ತಿತ್ತೆಂಬುದು ಇದರಿಂದ ವಿಶದವಾಗುತ್ತದೆ. ಅಲೆಗ್ಸಾಂಡ್ರಿಯದಿಂದ ನೋಡಿದರೆ ನಕ್ಷತ್ರವು ಊರಿನ ಮೇಲೆ ಮೂಡುವುದಿಲ್ಲ. ಊರಿರುವುದು ಪೂರ್ವಕ್ಕೆ, ನಕ್ಷತ್ರವು ದಕ್ಷಿಣಕ್ಕೆ. ಆದುದರಿಂದ ದಿಕ್ಕಿನ ಕಾರಣದಿಂದ ಹೆಸರು ಬಂದಿತೆಂಬ ವಾದಕ್ಕೆ ಬೆಲೆಯಿಲ್ಲ. ಭೂಮಿಯ ನೈಲ್ ಮುಗಿಯುವಲ್ಲಿ ಕಾನೋಬೊಸ್ ಇರುವಂತೆ ಆಕಾಶದ ನೈಲಿನ ಕೆಳಗೂ ಒಂದು ಕಾನೋಬೊಸ್ — ಇದು ಆ ಕಲ್ಪನೆ. ಊರು ಆಗ ಸರಾಪಿಸ್ ದೇವಾಲಯದಿಂದಲೂ, ಅಲೆಗ್ಸಾಂಡ್ರಿಯದಿಂದ ಕಾಲುವೆಯ ದೋಣಿಗಳಲ್ಲಿ ಹಗಲಿರುಳೂ ಬಂದು ಹಾಡಿ ಕುಣಿಯುವ ಜನಸಂದಣಿಯಿಂದಲೂ ಎಲ್ಲರ ಬಾಯಲ್ಲಿದ್ದ ಸ್ಥಳವಾಗಿತ್ತು.

ನಾವಿಕನು ನಕ್ಷತ್ರಕ್ಕೆ ಏರಿದ್ದು ಅನಂತರ; ಅದೂ ಮೊದಲು ಮೆನೆಲಾಸನ ಸೇವಕನಾಗಿ ಅಲ್ಲ. ಕ್ರಿ. ಶ. ಸುಮಾರು ೧೦೦ರಲ್ಲಿ ಪ್ಲೂಟಾರ್ಕನು ಐಸಿಸ್ ಮತ್ತು ಒಸೈರಿಸರನ್ನು ಕುರಿತ ಪ್ರಬಂಧದಲ್ಲಿ, ಒಸೈರಿಸನು ದಂಡನಾಯಕನಾಗಿದ್ದನೆಂದೂ ಕಾನೋಬೊಸನು ಅವನ ನಾವಿಕನೆಂದೂ, ನಕ್ಷತ್ರಕ್ಕೆ ಹೆಸರು ಅವನಿಂದ ಬಂದಿತೆಂದೂ, ಗ್ರೀಕರು ಆರ್ಗೋ ಎನ್ನುವ ಪುಂಜವು ಒಸೈರಿಸನ ನೌಕೆಯ ಪ್ರತಿರೂಪವೆಂದೂ ಕೆಲವರು ಹೇಳುವುದಾಗಿ ಬರೆದಿದ್ದಾನೆ. ಪ್ಲೂಟಾರ್ಕನಿಗೇ ಇಂಥ ವ್ಯಾಖ್ಯಾನಗಳಲ್ಲಿ ಶ್ರದ್ಧೆಯಿರಲಿಲ್ಲ. ಆದರೂ ಊರಿನ ಕಥೆಯ ನಾವಿಕ, ಆಕಾಶದ ಚುಕ್ಕಾಣಿ ಇವೆರಡೂ ಒಂದೇ ಹೆಸರಿನಲ್ಲಿ ಕೂಡಿದ ಮೇಲೆ ಅವುಗಳನ್ನು ಬೇರ್ಪಡಿಸುವುದು ಯಾರಿಂದ ಸಾಧ್ಯ? ಮುಂದಿನ ಟೀಕಾಕಾರರ ಕೈಯಲ್ಲಿ ಒಸೈರಿಸನು ಮರೆಯಾಗಿ ಮೆನೆಲಾಸನು ಉಳಿದನು.

ಖಗೋಳಜ್ಞರಿಗೆ ಕಥೆಯ ಗೊಡವೆಯಿರಲಿಲ್ಲ. ಅವರಿಗೆ ಈ ನಕ್ಷತ್ರವು ಭೂಮಿಯನ್ನು ಅಳೆಯುವ ಕೋಲಾಯಿತು. ಪೊಸಿಡೋನಿಯಸನು ರೋಡ್ಸಿನಲ್ಲಿ ಇದು ದಿಗಂತವನ್ನು ಮುಟ್ಟಿ ಮುಳುಗುವುದನ್ನೂ, ಅಲೆಗ್ಸಾಂಡ್ರಿಯದಲ್ಲಿ ರಾಶಿಯ ಕಾಲುಭಾಗ, ಎಂದರೆ ವೃತ್ತದ ೪೮ನೆಯ ಒಂದು ಭಾಗದಷ್ಟು, ಏರುವುದನ್ನೂ ಆಧರಿಸಿ, ಎರಡೂರುಗಳ ಅಂತರವನ್ನು ೫೦೦೦ ಸ್ಟೇಡಿಯವೆಂದು ಗ್ರಹಿಸಿ, ಭೂಪರಿಧಿಯನ್ನು ೨,೪೦,೦೦೦ ಸ್ಟೇಡಿಯವೆಂದು ಗಣಿಸಿದನೆಂದು ಕ್ಲಿಯೊಮಿಡೀಸನು ವಿವರಿಸಿದ್ದಾನೆ. ವಿಧಾನವು ನಿರ್ದುಷ್ಟವಾದದ್ದು, ಅಳತೆ ಅಲ್ಲ. ಎರಡೂರುಗಳ ಅಕ್ಷಾಂಶಗಳ ವ್ಯತ್ಯಾಸವು ಏಳೂವರೆಯಲ್ಲ, ಐದೂಕಾಲು ಡಿಗ್ರಿ ಮಾತ್ರ. ದಿಗಂತದ ಸಮೀಪದಲ್ಲಿ ಬೆಳಕು ಬಾಗುವುದೂ ಅವನ ಲೆಕ್ಕದಲ್ಲಿ ಸೇರಿರಲಿಲ್ಲ. ಸ್ಟ್ರಾಬೋ ಅವನಿಗೆ ೧,೮೦,೦೦೦ ಎಂಬ ಇನ್ನೊಂದು ಅಂಕಿಯನ್ನು ಆರೋಪಿಸುತ್ತಾನೆ. ಅಂತರವನ್ನು ೩೭೫೦ ಸ್ಟೇಡಿಯವೆಂದು ಇಟ್ಟುಕೊಂಡು ೪೮ರಿಂದ ಗುಣಿಸಿದರೆ ಅದೇ ಬರುತ್ತದೆ. ಖಗೋಳಜ್ಞನಾದ ಟಾಲೆಮಿಯು ತನ್ನ ಪಟ್ಟಿಯಲ್ಲಿ ಇದನ್ನು ಆರ್ಗೋವಿನ ಚುಕ್ಕಾಣಿಯಲ್ಲಿರುವ ಪ್ರಥಮ ದರ್ಜೆಯ ನಕ್ಷತ್ರ, ಹೆಸರು ಕಾನೋಬೊಸ್, ಎಂದಷ್ಟೇ ನಮೂದಿಸಿದ್ದಾನೆ. ಅವನು ತನ್ನ ಗಣಿತದ ಫಲಗಳನ್ನು ಕಲ್ಲಿನಲ್ಲಿ ಕೆತ್ತಿಸಿ ದೇವರಿಗೆ ಅರ್ಪಿಸಿದ ಸ್ಥಳವೂ ಇದೇ ಕಾನೋಬೊಸ್ ಪಟ್ಟಣ, ವರ್ಷ ಕ್ರಿ. ಶ. ೧೪೬-೪೭.

ಕೊನೆಯದಾಗಿ, ನಮ್ಮ ವಿದ್ಯಾರ್ಥಿಗಳು ಆಗಾಗ ಕೇಳುವ ಒಂದು ಪ್ರಶ್ನೆಯನ್ನು ಕುರಿತು ಎರಡು ಮಾತು. ಅಗಸ್ತ್ಯನು ಕುಂಭಸಂಭವ. ಕಾನೋಬೊಸ್ ಪಟ್ಟಣದಲ್ಲಿಯೂ ರೋಮನರ ಕಾಲದಲ್ಲಿ ಕುಂಭಾಕಾರದ, ಮನುಷ್ಯನ ತಲೆಯುಳ್ಳ ದೇವಮೂರ್ತಿಯು ಪೂಜೆಗೊಳ್ಳುತ್ತಿತ್ತು. ರೂಫೀನಸನು ಇದರ ಮೇಲೆ ಒಂದು ಹಾಸ್ಯಕಥೆಯನ್ನೇ ಹೇಳಿದ್ದಾನೆ: ಎಲ್ಲ ದೇವರುಗಳನ್ನೂ ಸುಟ್ಟು ಗೆಲ್ಲುತ್ತಿದ್ದ ಕಾಲ್ಡಿಯನರ ಅಗ್ನಿಯನ್ನು ಸೋಲಿಸಲು ಕಾನೋಬೊಸಿನ ಪುರೋಹಿತನು ರಂಧ್ರಗಳುಳ್ಳ ಮಡಕೆಯನ್ನು ತೆಗೆದುಕೊಂಡು, ರಂಧ್ರಗಳನ್ನು ಮೇಣದಿಂದ ಮುಚ್ಚಿ, ನೀರು ತುಂಬಿ, ಮೇಲೊಂದು ತಲೆಯನ್ನಿಟ್ಟನಂತೆ; ಬೆಂಕಿಗೆ ಮೇಣ ಕರಗಿ, ನೀರು ಸುರಿದು, ಬೆಂಕಿಯೇ ಆರಿಹೋಯಿತಂತೆ. ಐಗುಪ್ತದ ಗೋರಿಗಳಲ್ಲಿ ಶವದ ಕರುಳುಗಳನ್ನಿಡುವ ಪಾತ್ರೆಗಳಿಗೂ ಯೂರೋಪಿನ ಹಳೆಯ ಸಂಶೋಧಕರು ಇದೇ ಭ್ರಾಂತಿಯಿಂದ ಕಾನೋಪಿಕ್ ಪಾತ್ರೆಗಳೆಂಬ ಹೆಸರನ್ನಿಟ್ಟರು. ಒಂದೇ ನಕ್ಷತ್ರ, ಎರಡು ದೇಶ, ಎರಡು ಕುಂಭ! ಸಂಬಂಧವಿರಲೇಬೇಕೆಂದು ಯಾರಿಗಾದರೂ ಅನ್ನಿಸದಿರದು. ನಮಗೂ ಒಮ್ಮೆ ಹಾಗೆ ಅನ್ನಿಸಿತ್ತು.

ಕಾಲವು ಇದನ್ನು ಅನುಮೋದಿಸುವುದಿಲ್ಲ. ಮಿತ್ರಾವರುಣರ ಕುಂಭದಿಂದ ಅಗಸ್ತ್ಯನ ಜನನವು ಋಗ್ವೇದದ ಏಳನೆಯ ಮಂಡಲದಲ್ಲಿಯೇ ಸೂಚಿತವಾಗಿದೆ. ಅಲ್ಲಿ ನಕ್ಷತ್ರದ ಪ್ರಸ್ತಾಪವಿಲ್ಲ. ಕಾನೋಬೊಸಿನ ಕುಂಭದೇವತೆಯು ಅದಕ್ಕಿಂತ ಸಾವಿರ ವರ್ಷಗಳಿಗೂ ಈಚಿನದು, ಮತ್ತು ಅದರ ನಂಟು ಊರಿನೊಡನೆಯೇ ಹೊರತು ನಕ್ಷತ್ರದೊಡನೆ ಅಲ್ಲ. ನಮ್ಮಲ್ಲಿ ಋಷಿಯ ಹೆಸರು ನಕ್ಷತ್ರಕ್ಕೆ ಸಂದಾಗ ಅವನ ದಕ್ಷಿಣ ದಿಕ್ಕಿನ ಯಾತ್ರೆಯೂ ಸಮುದ್ರಪಾನವೂ ಅದಕ್ಕೆ ಪೋಷಕವಾದವು. ಅದು ಬೇರೆಯೇ ದಾರಿ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಅಗಸ್ತ್ಯಚಾರಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟು, ಸೂರ್ಯನು ಕನ್ಯಾರಾಶಿಗೆ ಇನ್ನೂ ಏಳು ಅಂಶ ದೂರವಿರುವಾಗ ಉಜ್ಜಯಿನಿಯಲ್ಲಿ ಅಗಸ್ತ್ಯನು ಉದಯಿಸುವನೆಂದು ತಿಳಿಸಿದ್ದಾನೆ. ಮಳೆಗಾಲದ ಕದಡಿದ ನೀರು ಆ ಉದಯದಿಂದ ತಿಳಿಯಾಗುತ್ತದೆಂಬುದು ಅವನಿಗೂ ಕಾಳಿದಾಸನಿಗೂ ಸಮಾನವಾದ ನಂಬಿಕೆ. ಉಜ್ಜಯಿನಿಗಿಂತ ದಕ್ಷಿಣದಲ್ಲಿರುವ ನಮ್ಮ ನಾಡಿನಲ್ಲಿ ಆ ಉದಯವು ಇನ್ನೂ ಕೆಲವು ದಿನ ಮುಂಚಿತವಾಗಿಯೇ ಕಾಣುತ್ತದೆ.